ಕಾರಿನ ಕುಂಯ್ ಸದ್ದು ಯಾವುದರ ಬೆನ್ನು ಹತ್ತಿದೆ?

"ಆಕ್ಸಿಲರೇಟರ್ ಒತ್ತಿದರೆ ಸಾಕು, ಕುಂಯ್ ಅನ್ನುತ್ತೆ ಸಾರ್. ಗೇರ್ ಬಾಕ್ಸ್ ಇಳಿಸಬೇಕು ಅಂದಿದ್ದಾರೆ." ಬೇರೆ ಕಡೆ ತೋರಿಸಿ ಬಂದಿದ್ದ ಒಬ್ಬರು ಹೇಳಿದ ಮಾತಿದು. ಮುಖ ಆಗಲೇ ಬಾಡಿತ್ತು.

ನಾನು ಗಾಡಿಯನ್ನು ರಸ್ತೆಗೆ ಇಳಿಸಲೇ ಇಲ್ಲ. ನಿಂತಲ್ಲೇ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನಿಧಾನವಾಗಿ ರೇಸ್ ಮಾಡಿದೆ. ಕುಂಯ್ ಸದ್ದು ಅಲ್ಲೇ ಬಂತು. ಚಕ್ರ ಒಂದಿಂಚೂ ತಿರುಗಿಲ್ಲ, ಸದ್ದು ಮಾತ್ರ ಇಂಜಿನ್ ಜೊತೆಗೇ ಏರುತ್ತಿದೆ. ಆಮೇಲೆ ಕ್ಲಚ್ ಒತ್ತಿ ಹಿಡಿದು ಮತ್ತೆ ರೇಸ್ ಮಾಡಿದೆ. ಸದ್ದು ಹಾಗೇ ಇತ್ತು. ಕ್ಲಚ್ ಒತ್ತಿದಾಗ ನಿಂತಿದ್ದರೆ ಗೇರ್ ಬಾಕ್ಸ್‌ನ ಇನ್‌ಪುಟ್ ಶಾಫ್ಟ್ (ಇಂಜಿನ್ ಶಕ್ತಿಯನ್ನು ಒಳಗೆ ತರುವ ದಂಡ) ಬೇರಿಂಗ್ ಮೇಲೆ ಅನುಮಾನ ಪಡಬಹುದಿತ್ತು. ಒತ್ತಿದಾಗಲೇ ಶುರುವಾಗಿದ್ದರೆ ಕ್ಲಚ್ ರಿಲೀಸ್ ಬೇರಿಂಗ್, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್. ಇಲ್ಲಿ ಎರಡೂ ಅಲ್ಲ. ಎರಡು ನಿಮಿಷದಲ್ಲಿ ಗೇರ್ ಬಾಕ್ಸ್ ಬಚಾವಾಯಿತು.

ಯಾವ ಪಾರ್ಟ್ ಹೋಗಿದೆ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಕೇಳಿಕೊಳ್ಳುವುದು ಬೇರೆ: ಈ ಸದ್ದು ಯಾವುದರ ಬೆನ್ನು ಹತ್ತಿದೆ? ಇಂಜಿನ್ ತಿರುಗುವ ವೇಗದ ಬೆನ್ನೋ, ಗಾಡಿ ಓಡುವ ವೇಗದ ಬೆನ್ನೋ, ಇಲ್ಲಾ ನಿಮ್ಮ ಕಾಲಿನ ಬೆನ್ನೋ? ಇದು ಗೊತ್ತಾದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಆ ಗಾಡಿಯ ಬಾನೆಟ್ ಎತ್ತಿದೆ. ಬೆಲ್ಟ್ ತಿರುಗಿಸುವ ಸಾಮಾನುಗಳೆಲ್ಲ ಮುಂದೆಯೇ ಇರುತ್ತವೆ: ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಬೆಲ್ಟ್ ಬಿಗಿಯಾಗಿಡುವ ಟೆನ್ಷನರ್, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿ, ಕೆಲವು ಗಾಡಿಗಳಲ್ಲಿ ವಾಟರ್ ಪಂಪ್, ಪವರ್ ಸ್ಟೀರಿಂಗ್ ಪಂಪ್. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಒಂದೊಂದರ ತಿರುಗದ ಭಾಗಕ್ಕೆ ಇಟ್ಟು, ಹಿಡಿಗೆ ಕಿವಿ ಕೊಟ್ಟರೆ ಡಾಕ್ಟರ ಸ್ಟೆತಸ್ಕೋಪ್‌ನಂತೆಯೇ ಕೇಳಿಸುತ್ತದೆ. ಸಡಿಲ ಅಂಗಿ ತೋಳು, ವಾಚು, ಸರ ಯಾವುದೂ ಇರಬಾರದು. ತಿರುಗುವ ಬೆಲ್ಟಿಗೆ ಕರುಣೆ ಇಲ್ಲ.

ಇನ್ನೂ ಖಾತ್ರಿ ಬೇಕೆಂದರೆ ಇಂಜಿನ್ ಆಫ್ ಮಾಡಿ ಬೆಲ್ಟ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ ಕೇಳುತ್ತೇನೆ. ಬರೀ ಹತ್ತಿಪ್ಪತ್ತು ಸೆಕೆಂಡು, ಅಷ್ಟೇ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ನೀರು ಓಡುವುದಿಲ್ಲ, ಇಂಜಿನ್ ಬಿಸಿಯಾಗುತ್ತದೆ. ಆ ಗಾಡಿಯಲ್ಲಿ ಬೆಲ್ಟ್ ತೆಗೆದ ಕೂಡಲೇ ಸದ್ದು ಮಾಯ. ಇಂಜಿನ್ ನಿಲ್ಲಿಸಿ ಒಂದೊಂದೇ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದೆ. ಟೆನ್ಷನರ್ ಪುಲ್ಲಿ ಒಂದೆರಡು ಸುತ್ತು ತಿರುಗಿ ಮೆತ್ತಗೆ ನಿಂತಿತು. ಐಡ್ಲರ್ ಮಾತ್ರ ಬುಗುರಿಯ ಹಾಗೆ ತಿರುಗುತ್ತಲೇ ಇತ್ತು, ಒಳಗೆ ಸಣ್ಣಗೆ ಸರ್ ಸರ್ ಸದ್ದು. ಹೊಸಬರು ಇದನ್ನು ನೋಡಿ "ಎಷ್ಟು ಫ್ರೀ ಇದೆ" ಅಂತ ಖುಷಿ ಪಡುತ್ತಾರೆ. ತಪ್ಪು. ಬೇರಿಂಗ್ ಒಳಗೆ ಗ್ರೀಸ್ ಇದ್ದರೆ ಅದು ತಡೆದು ತಡೆದು ನಿಲ್ಲಬೇಕು. ಹೀಗೆ ಓಡುತ್ತಿದೆ ಅಂದರೆ ಗ್ರೀಸ್ ಒಣಗಿದೆ ಅಂತಲೇ ಲೆಕ್ಕ. ಪುಲ್ಲಿ ಬದಲಾಯಿಸಿದೆ, ಸದ್ದು ಹೋಯಿತು.

ಹೈಡ್ರಾಲಿಕ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಸದ್ದು ಜಾಸ್ತಿಯಾದರೆ ಮೊದಲು ಆಯಿಲ್ ನೋಡಿ. ಕಡಿಮೆ ಇದೆಯೋ, ನೊರೆ ಬಂದಿದೆಯೋ? ನೊರೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಎಲೆಕ್ಟ್ರಿಕ್ ಸ್ಟೀರಿಂಗ್ ಆದರೆ ಈ ಆಯಿಲ್ಲೂ ಇಲ್ಲ, ಪಂಪೂ ಇಲ್ಲ, ಸುಮ್ನೆ ಹುಡುಕಬೇಡಿ. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಮಾನು) ಇರುವ ಗಾಡಿಯಲ್ಲಿ ಸಣ್ಣ ಸಿಳ್ಳೆ ಸಹಜ. ಸಿಳ್ಳೆ ಇದ್ದಕ್ಕಿದ್ದಂತೆ ದೊಡ್ಡದಾಗಿ, ಜೊತೆಗೆ ಪಿಕಪ್ಪೂ ಬಿದ್ದರೆ, ಟರ್ಬೊ ಹೋಯಿತು ಅನ್ನುವ ಮೊದಲು ಗಾಳಿ ಹೋಗುವ ಹೋಸ್‌ಗಳನ್ನೂ ಕ್ಲಿಪ್‌ಗಳನ್ನೂ ನೋಡಿ. ಎಷ್ಟೋ ಸಲ ಒಂದು ಕ್ಲಿಪ್ ಸಡಿಲವಾಗಿರುತ್ತದೆ, ಅಷ್ಟೇ.

ನಿಂತಾಗ ಸದ್ದಿಲ್ಲ, ಓಡುವಾಗ ಮಾತ್ರ ಇದೆ ಅಂದರೆ ಕಥೆ ಬೇರೆ. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಗೇರ್ ಬದಲಿಸಿ. ಇಂಜಿನ್ ವೇಗ ಬದಲಾದರೂ ಸದ್ದು ಬದಲಾಗದಿದ್ದರೆ ಅದು ಚಕ್ರದ ಕಡೆಯದು: ವೀಲ್ ಬೇರಿಂಗ್, ಟೈರ್, ಇಲ್ಲವೇ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ). ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆ ಬೇರಿಂಗ್ ನೋಡಿ. ಇದನ್ನು ಮಾತ್ರ ಮುಂದೂಡಬೇಡಿ. ಬೇರಿಂಗ್ ಪೂರ್ತಿ ಹೋದರೆ ಚಕ್ರವೇ ಅಲ್ಲಾಡಲು ಶುರುವಾಗುತ್ತದೆ.

ಇಲ್ಲಿ ನಾನೂ ಒಮ್ಮೆ ಮುಗ್ಗರಿಸಿದ್ದೇನೆ. ಬೇರಿಂಗ್ ಅಂದುಕೊಂಡು ಬದಲಾಯಿಸಿದೆ, ಸದ್ದು ಹಾಗೇ ಉಳಿಯಿತು. ಆಮೇಲೆ ಟೈರಿನ ಮೇಲೆ ಅಂಗೈ ಸವರಿದರೆ ಒಂದು ಕಡೆಗೆ ನುಣುಪು, ವಾಪಸ್ ಸವರಿದರೆ ಗರಗಸ! ರಬ್ಬರ್ ಏರುಪೇರಾಗಿ ಸವೆದಿತ್ತು. ನುಣುಪಾದ ರಸ್ತೆಯಲ್ಲಿ ಒಂದು ಥರ, ಒರಟು ರಸ್ತೆಯಲ್ಲಿ ಇನ್ನೊಂದು ಥರ ಕೇಳಿಸಿದರೆ ಟೈರ್ ಅಂತಲೇ ತಿಳಿಯಿರಿ. ಆ ಬೇರಿಂಗಿನ ದುಡ್ಡನ್ನು ನಾನು ತೆಗೆದುಕೊಳ್ಳಲಿಲ್ಲ ಬಿಡಿ.

ಇನ್ನು ಕಾಲಿನ ಬೆನ್ನು ಹತ್ತುವ ಸದ್ದು. ಒತ್ತಿದರೆ ಕುಂಯ್, ಕಾಲು ತೆಗೆದರೆ ಮೌನ. ಅದೂ ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಹಲ್ಲು ಸವೆದಿರಬಹುದು. ಎಲ್ಲ ಗೇರಿನಲ್ಲೂ ಬಂದರೆ ಬೇರಿಂಗ್ ಅಥವಾ ಡಿಫರೆನ್ಷಿಯಲ್. ಆದರೆ ಬಿಚ್ಚುವ ಮೊದಲು ಗೇರ್ ಆಯಿಲ್ ಮಟ್ಟ ನೋಡಲೇಬೇಕು, ಡ್ರೈನ್ ಪ್ಲಗ್‌ಗೆ ಎಷ್ಟು ಕಬ್ಬಿಣದ ಚೂರು ಅಂಟಿದೆ ಅಂತಲೂ ನೋಡಬೇಕು. ಕಪ್ಪು ಪುಡಿ ಮಾಮೂಲಿ. ಹಲ್ಲಿನ ತುಂಡು ಸಿಕ್ಕಿದರೆ ಇಳಿಸದೆ ವಿಧಿಯಿಲ್ಲ. ಆಯಿಲ್ ಹಾಕುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ಹಾಕಿ. ಅಂದ ಹಾಗೆ, ರಿವರ್ಸ್‌ನಲ್ಲಿ ಮಾತ್ರ ಕುಂಯ್ ಅಂದರೆ ಗಾಬರಿ ಬೇಡ. ಎಷ್ಟೋ ಗಾಡಿಗಳಲ್ಲಿ ರಿವರ್ಸ್ ಗೇರಿನ ಹಲ್ಲು ನೇರ, ಮುಂದಿನ ಗೇರುಗಳದ್ದು ಓರೆ. ನೇರ ಹಲ್ಲು ಕೂಗುತ್ತದೆ, ಅದರ ಸ್ವಭಾವ.

ಐಡ್ಲರ್ ಬದಲಾಯಿಸಿಕೊಂಡು ಹೋದವರು ಕೆಲವು ದಿನಕ್ಕೆ ಮತ್ತೆ ಬಂದರು. "ಕುಂಯ್ ವಾಪಸ್ ಬಂದಿದೆ ಸಾರ್." ನಿಲ್ಲಿಸಿ ರೇಸ್ ಮಾಡಿದರೆ ನಿಜ, ಬರುತ್ತಿದೆ. ಆದರೆ ಬಾನೆಟ್ ಹತ್ತಿರ ಹೋದರೆ ಏನೂ ಇಲ್ಲ. ಒಳಗೆ ಕೂತು ಸ್ಟೀರಿಯೊ ಆಫ್ ಮಾಡಿದೆ, ಸದ್ದು ನಿಂತಿತು. ಹಿಂದಿನ ದಿನವಷ್ಟೇ ಹೊಸ ಆಂಪ್ಲಿಫೈಯರ್ ಹಾಕಿಸಿದ್ದರು. ಅದರ ಅರ್ತ್ ವೈರನ್ನು ಪೇಂಟ್ ಮೇಲೇ ಬೋಲ್ಟ್ ಮಾಡಿದ್ದರು, ಆಲ್ಟರ್ನೇಟರ್‌ನ ಕೂಗು ನೇರ ಸ್ಪೀಕರಿಗೆ ಬರುತ್ತಿತ್ತು. ಪೇಂಟ್ ಕೆರೆದು, ಹೊಳೆಯುವ ಲೋಹಕ್ಕೆ ವೈರ್ ಬಿಗಿದು ಕಳಿಸಿದೆ.