ಪದ ಪರಿಚಯ: ಪ್ರಸಾರ ವ್ಯತ್ಯಯ

ಡೊಂಬಿವಲಿಯ ನಮ್ಮ ಸೊಸೈಟಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಈ ಮಳೆಗಾಲವೂ ಅದೇ ಸೂಚನೆ ಬಂತು: "ಭಾರೀ ಮಳೆಯಿಂದಾಗಿ ಉಚಿತ ಡಿಜಿಟಲ್ ಟಿವಿ ಪ್ರಸಾರದಲ್ಲಿ ವ್ಯತ್ಯಾಸವಾಗಿದೆ, ಎಲ್ಲರೂ ಸಹಕರಿಸಬೇಕು." ಮಳೆ ಸುರಿದದ್ದು ನಿಜ, ಟೆರೇಸಿನ ಮೇಲೆ ಉಪಗ್ರಹದ ಛತ್ರಿ, ಅಂದರೆ ಡಿಶ್, ಹಾಕಿಸಿಕೊಂಡ ಮನೆಗಳಲ್ಲಿ ಚಂದನ ವಾಹಿನಿ ಕಾಣದೆ ಹೋದದ್ದೂ ನಿಜ. ಆದರೆ ಪ್ರಸಾರದಲ್ಲಿ ವ್ಯತ್ಯಾಸವೂ ಆಗಿರಲಿಲ್ಲ, ವ್ಯತ್ಯಯವೂ ಆಗಿರಲಿಲ್ಲ. ಪ್ರಸಾರ ತನ್ನ ಪಾಡಿಗೆ ನಡೆದೇ ಇತ್ತು. ಪರದೆ ಕಪ್ಪಾದಾಗಲೆಲ್ಲ 'ಪ್ರಸಾರ ವ್ಯತ್ಯಯ' ಎಂಬ ಮಾತನ್ನು ಬಳಸುವುದು ರೂಢಿಯಾಗಿಬಿಟ್ಟಿರುವುದರಿಂದ ಅದರ ಅರ್ಥವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ.

ವ್ಯತ್ಯಯ ಎಂಬುದು ವಿ, ಅತಿ, ಅಯ ಎಂಬ ಮೂರು ತುಂಡುಗಳು ಕೂಡಿ ಆದ ಪದ. 'ಅಯ' ಎಂದರೆ ಹೋಗುವಿಕೆ. ಪ್ರತ್ಯಯ, ವಿಪರ್ಯಯ, ವ್ಯಯ ಇವೆಲ್ಲ ಅದೇ 'ಇ' ಧಾತುವಿನ ಮಕ್ಕಳು. 'ಅತಿ' ಸೇರಿದಾಗ ದಾಟಿ ಹೋಗುವುದು, 'ವಿ' ಸೇರಿದಾಗ ಒಂದನ್ನೊಂದು ಅಡ್ಡಹಾಯ್ದು ಸ್ಥಾನ ಬದಲಿಸುವುದು. ಪಾಣಿನಿಯ "ವ್ಯತ್ಯಯೋ ಬಹುಲಮ್" ಎಂಬ ಸೂತ್ರದಲ್ಲಿ ಇರುವುದು ಈ ಹಳೆಯ ಅರ್ಥವೇ: ವೇದದ ಭಾಷೆಯಲ್ಲಿ ಒಂದು ಪ್ರತ್ಯಯ ಬರಬೇಕಾದ ಕಡೆ ಇನ್ನೊಂದು ಬರುವುದುಂಟು ಎಂದು ಅದು ಹೇಳುತ್ತದೆ. ಹಳಗನ್ನಡದಲ್ಲಿ ಅಲರ್ ಎಂಬುದು ಅರಲ್ ಎಂದೂ ಬರುವುದನ್ನು ವರ್ಣವ್ಯತ್ಯಯ ಎಂದು ಕರೆಯುವುದೂ ಈ ಅರ್ಥದಲ್ಲಿಯೇ. ಕ್ರಮ ಅದಲುಬದಲಾಗುವುದು ಎಂಬಲ್ಲಿಂದ ನಡೆಯುತ್ತಿದ್ದ ಕ್ರಮ ನಡುವೆ ತಪ್ಪುವುದು ಎಂಬಲ್ಲಿಗೆ ಕನ್ನಡ ಈ ಪದವನ್ನು ಸಾಗಿಸಿಕೊಂಡು ಬಂದಿದೆ. ಪತ್ರಿಕೆಗಳ 'ವಿದ್ಯುತ್ ವ್ಯತ್ಯಯ' ಹುಟ್ಟಿದ್ದು ಹಾಗೆ. ವ್ಯತ್ಯಾಸದ ಕೊನೆಯಲ್ಲಿರುವುದಾದರೋ ಎಸೆಯುವುದು ಎಂಬರ್ಥದ 'ಅಸ್' ಧಾತು. ಸಂಸ್ಕೃತದಲ್ಲಿ ಈ ಎರಡೂ ಪದಗಳು ಅಕ್ಕಪಕ್ಕದವೇ, ಆದರೆ ಕನ್ನಡದಲ್ಲಿ ವ್ಯತ್ಯಾಸ ಎಂದರೆ ಭೇದ, ಅಂತರ ಎಂದು ನಿಂತು ಎಷ್ಟೋ ಕಾಲವಾಗಿದೆ. ಬೆಲೆಯಲ್ಲಿ ವ್ಯತ್ಯಾಸ ಇರಬಹುದು, ಅಭಿಪ್ರಾಯದಲ್ಲಿ ಇರಬಹುದು. ನಿಂತುಹೋದ ಪ್ರಸಾರಕ್ಕೆ ಆ ಪದ ಸಲ್ಲುವುದಿಲ್ಲ.

ಹೀಗಾಗಿ ವ್ಯತ್ಯಯ ಎಂದೊಡನೆ ಎರಡು ಸಂಗತಿಗಳು ಒಳಗೇ ಬರುತ್ತವೆ. ನಡೆಯುತ್ತಿದ್ದ ಕ್ರಮವೊಂದು ಇತ್ತು, ಮತ್ತು ಅದು ಮರಳಿ ನಡೆಯಲಿದೆ. ದೇಶದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು, ಆಯಕಟ್ಟಿನ ಜಾಗಗಳ ಸುಮಾರು 50ನ್ನು ಬಿಟ್ಟು, 2022ರ ಮಾರ್ಚ್ 31ರ ಹೊತ್ತಿಗೆ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಮುಚ್ಚಿತು. ಅದನ್ನು ಇಂದಿಗೂ ಕೆಲವರು ವ್ಯತ್ಯಯ ಎಂದೇ ಬರೆಯುತ್ತಾರೆ. ಅದು ಮುಕ್ತಾಯ. ಮತ್ತೆ ಬರುವುದೆಂದು ವಯಸ್ಸಾದವರು ಹಳೆಯ ಆಂಟೆನಾವನ್ನು ತಿರುಗಿಸುತ್ತ ಕೂರುವಂತೆ ಮಾಡುವ ಪದವನ್ನು ಅಲ್ಲಿ ಬಳಸಬಾರದು.

ಇನ್ನು 'ಉಚಿತ ಡಿಜಿಟಲ್ ಟಿವಿ' ಎಂಬ ಮಾತು. ಗೊಂದಲದ ಮೂಲ ಇರುವುದು ಇಲ್ಲಿಯೇ. ದೂರದರ್ಶನದ ಛತ್ರಿ ಸೇವೆಯಾದ ಫ್ರೀ ಡಿಶ್ ಕೂಡ ಉಚಿತ, ಅದೂ ಡಿಜಿಟಲ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಅದು ಬರುವುದು ಆಕಾಶದ ಉಪಗ್ರಹದಿಂದ. ಡಿಜಿಟಲ್ ಭೂಪ್ರಸಾರ ಬೇರೆ. ನೆಲದ ಮೇಲಿನ ಗೋಪುರದಿಂದ ನೇರವಾಗಿ ಮನೆಯ ಆಂಟೆನಾಕ್ಕೆ, ಇಲ್ಲವೇ ಫೋನಿಗೆ ಸಿಕ್ಕಿಸಿದ ಡಾಂಗಲ್ ಎಂಬ ಪುಟ್ಟ ಸಾಧನಕ್ಕೆ ಬರುವಂಥದು. ದೂರದರ್ಶನ ಇದನ್ನು ಡಿವಿಬಿ-ಟಿ2 ಪದ್ಧತಿಯಲ್ಲಿ 2016ರಲ್ಲಿ 16 ನಗರಗಳಿಗೆ ತಂದಿತು. ಮುಂಬೈ, ಔರಂಗಾಬಾದ್ ಆ ಪಟ್ಟಿಯಲ್ಲಿದ್ದವು. ಪುಣೆಯಾಗಲಿ ಪಣಜಿಯಾಗಲಿ ಇರಲಿಲ್ಲ. ಪುಣೆಯ ನೆಂಟರೊಬ್ಬರು ಅದೇ ವರ್ಷದ ಮಳೆಗಾಲದಲ್ಲಿ "ಸಿಂಹಗಡದಿಂದ ಡಿಜಿಟಲ್ ಬರುತ್ತಿಲ್ಲ" ಎಂದು ದೂರಿದ್ದರು. ಸಿಂಹಗಡದ ಮೇಲೆ ದೂರದರ್ಶನದ ಗೋಪುರ ಇರುವುದು ಹೌದು, ಆದರೆ ಅವರ ಮನೆಗೆ ಡಿಜಿಟಲ್ ಬರುತ್ತಿದ್ದುದು ಟೆರೇಸಿನ ಛತ್ರಿಯಿಂದ.

ಭೂಪ್ರಸಾರವೋ ಉಪಗ್ರಹ ಪ್ರಸಾರವೋ ಎಂಬುದರ ಮೇಲೆ 'ಸ್ಥಳೀಯ' ಎಂಬ ಮಾತಿನ ಅರ್ಥವೇ ಬದಲಾಗುವುದರಿಂದ ಇದನ್ನು ಬಿಡಿಸಿ ಹೇಳಲೇಬೇಕು. ಉಪಗ್ರಹ ಇಡೀ ದೇಶಕ್ಕೆ ಒಂದೇ. ಅದರ ಪ್ರಸಾರ ನಿಜಕ್ಕೂ ನಿಂತರೆ ಡೊಂಬಿವಲಿಯಲ್ಲೂ ಧಾರವಾಡದಲ್ಲೂ ಒಟ್ಟಿಗೇ ನಿಲ್ಲಬೇಕು. ಮಳೆಯಲ್ಲಿ ನಮ್ಮಲ್ಲಿ ಮಾತ್ರ ಹೋಗುತ್ತದೆಂದರೆ, ಉಪಗ್ರಹ ಬಳಸುವ, ಹತ್ತು ಗಿಗಾಹರ್ಟ್ಸ್‌ಗೂ ಮೇಲಿನ 'ಕೆಯು ಬ್ಯಾಂಡ್' ಎಂಬ ಶ್ರೇಣಿಯ ಅಲೆಗಳನ್ನು ನಮ್ಮ ತಲೆಯ ಮೇಲಿನ ದಟ್ಟ ಮಳೆ ಹೀರಿಕೊಳ್ಳುತ್ತಿದೆ ಎಂದರ್ಥ. ಭೂಪ್ರಸಾರದ ಅಲೆಗಳು ಅದಕ್ಕಿಂತ ಬಹಳ ಕೆಳಗಿನ, ಕೆಲವು ನೂರು ಮೆಗಾಹರ್ಟ್ಸ್‌ನವು. ಮುಂಬೈಯ ಮಳೆ ಕೂಡ ಅವನ್ನು ಹೇಳಿಕೊಳ್ಳುವಷ್ಟು ಕುಂದಿಸುವುದಿಲ್ಲ. ಮಳೆಗಾಲದಲ್ಲಿ ಭೂಪ್ರಸಾರ ಕೆಟ್ಟರೆ ಟೆರೇಸಿಗೆ ಹೋಗಿ ಕೇಬಲ್ಲಿನ ತುದಿಯನ್ನು ಬಿಚ್ಚಿ ನೋಡಬೇಕು: ಜೋಡಣೆಯೊಳಗೆ ನೀರು ಇಳಿದು ಹೊರಗಿನ ಜಾಲರಿ ಕಪ್ಪಾಗಿರುತ್ತದೆ, ನಡುವಿನ ತಾಮ್ರದ ತಂತಿ ಹಸಿರಾಗಿ ಕಿಲುಬು ಹಿಡಿದಿರುತ್ತದೆ. ಅದು ಆ ಮನೆಯ ದೋಷ, ಪ್ರಸಾರದ ವ್ಯತ್ಯಯವಲ್ಲ.

ನಿಜವಾದ ಸ್ಥಳೀಯ ವ್ಯತ್ಯಯ ಗೋಪುರದ ಕಡೆಯದು, ಆ ಗೋಪುರವನ್ನು ನಂಬಿದ ಎಲ್ಲರಿಗೂ ಒಟ್ಟಿಗೆ ಬರುವಂಥದು. ವಿದ್ಯುತ್ ಕೈಕೊಟ್ಟಿರಬಹುದು, ಸ್ಟುಡಿಯೋದಿಂದ ಬರುವ ಕೊಂಡಿ ಕಡಿದಿರಬಹುದು, ಇಲ್ಲವೇ ಗೋಪುರ ಹತ್ತಿದ ಕೆಲಸಗಾರರ ಕ್ಷೇಮಕ್ಕಾಗಿ ಪ್ರಸಾರದ ಶಕ್ತಿಯನ್ನು ತಗ್ಗಿಸಿರಬಹುದು. ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಬ್ರಿಟನ್ನಿನದು. ಉತ್ತರ ಇಂಗ್ಲೆಂಡಿನ ಬಿಲ್ಸ್‌ಡೇಲ್ ಗೋಪುರಕ್ಕೆ 2021ರ ಆಗಸ್ಟ್ 10ರಂದು ಬೆಂಕಿ ಬಿದ್ದು, ಫ್ರೀವ್ಯೂ ಎಂಬ ಉಚಿತ ಭೂಪ್ರಸಾರವನ್ನೇ ನೆಚ್ಚಿಕೊಂಡಿದ್ದ ಲಕ್ಷಾಂತರ ಮನೆಗಳ ಟಿವಿ ಒಮ್ಮೆಗೇ ನಿಂತಿತು. ಅದೇ ಬೀದಿಯಲ್ಲಿ ಉಪಗ್ರಹದ ಡಿಶ್ ಇದ್ದವರಿಗೆ ಏನೂ ಆಗಲಿಲ್ಲ. ತಾತ್ಕಾಲಿಕ ಗೋಪುರ ಎತ್ತಿ ಸೇವೆಯನ್ನು ಮರಳಿ ತಂದರು. ಸ್ಥಳೀಯ, ಪ್ರಸಾರ, ವ್ಯತ್ಯಯ ಎಂಬ ಮೂರು ಪದಗಳೂ ಅಲ್ಲಿ ಸರಿಯಾಗಿ ಕೂರುತ್ತವೆ.

ಡಿಜಿಟಲ್ ಪ್ರಸಾರದ ಇನ್ನೊಂದು ಗುಣವೂ ಈ ತಪ್ಪಿಗೆ ಎಡೆಮಾಡಿಕೊಟ್ಟಿದೆ. ವರ್ಲಿಯ ಗೋಪುರದ ಕಡೆಗೆ ಆಂಟೆನಾ ತಿರುಗಿಸಿಕೊಂಡಿದ್ದ ಅನಲಾಗ್ ದಿನಗಳಲ್ಲಿ ಸಂಕೇತ ಕುಂದುತ್ತ ಬಂದಂತೆ ಪರದೆಯ ತುಂಬ ಅಕ್ಕಿಕಾಳು ಸುರಿದಂತಾಗಿ, ಮುಖಗಳಿಗೆ ನೆರಳು ಮೂಡಿ, ಆದರೂ ವಾರ್ತೆ ಕೇಳುತ್ತಿತ್ತು. ಡಿಜಿಟಲ್ ಹಾಗಲ್ಲ. ಒಂದು ಮಟ್ಟದವರೆಗೆ ಚಿತ್ರ ನಿಚ್ಚಳವಾಗಿರುತ್ತದೆ, ಅದರ ಕೆಳಗೆ ಚೌಕಚೌಕವಾಗಿ ಒಡೆದು ಹೋಗಿಯೇಬಿಡುತ್ತದೆ. ಎದುರಿಗೆ ಎದ್ದ ಹೊಸ ಬಹುಮಹಡಿ ಕಟ್ಟಡದ ಮರೆಯಾಗಲಿ, ಸಡಿಲಾದ ಜೋಡಣೆಯಾಗಲಿ ಪರದೆಯ ಮೇಲೆ ಒಂದೇ ರೀತಿ ಕಾಣುವುದರಿಂದ ಜನ ಎಲ್ಲಕ್ಕೂ ಒಂದೇ ಹೆಸರಿಡುತ್ತಾರೆ.

ಹೆಸರು ತಪ್ಪಿದರೆ ಮಾಡುವ ಕೆಲಸವೂ ತಪ್ಪುತ್ತದೆ. ಅದೇ ಗೋಪುರವನ್ನು ಹಿಡಿಯುವ ಪಕ್ಕದ ಕಟ್ಟಡದವರನ್ನು ಮೊದಲು ಕೇಳಬೇಕು. ಅವರಿಗೆ ಬರುತ್ತಿದ್ದರೆ ದೋಷ ನಮ್ಮದು. ಅವರಿಗೂ ಇಲ್ಲದಿದ್ದರೆ ವ್ಯತ್ಯಯ. ಆಗ ರಿಮೋಟ್ ಹಿಡಿದು ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಲು ಹೋಗಬಾರದು, ಏಕೆಂದರೆ ಗೋಪುರ ಮೌನವಾಗಿರುವಾಗ ಹುಡುಕಿದ ಎಷ್ಟೋ ಸೆಟ್ ಟಾಪ್ ಪೆಟ್ಟಿಗೆಗಳು ಉಳಿಸಿಟ್ಟ ಪಟ್ಟಿಯನ್ನೇ ಅಳಿಸಿಹಾಕುತ್ತವೆ, ಮತ್ತು ಪ್ರಸಾರ ಮರಳಿದ ಮೇಲೂ ಆ ಮನೆಯಲ್ಲಿ ಮಾತ್ರ ಟಿವಿ ಬರುವುದಿಲ್ಲ.