ಪ್ರೀಸೀಡಿಂಗ್: ರೆಪ್ಲಿಕೇಶನ್ ಶುರುವಾಗುವ ಮುಂಚೆಯೇ ಡೇಟಾ ತಲುಪಿಸಿಡುವುದು

ಬೇರೆ ಬೇರೆ ಊರಿನ ಎರಡು ಫೈಲ್ ಸರ್ವರ್‌ಗಳು ಒಂದೇ ಫೋಲ್ಡರನ್ನು ಸದಾ ಸರಿಸಮವಾಗಿ ಇಟ್ಟುಕೊಳ್ಳಬೇಕು ಎಂದಿಟ್ಟುಕೊಳ್ಳಿ. ದಿನದಿನದ ಬದಲಾವಣೆ ಕಳಿಸಲು ಸಾಧಾರಣ ಲಿಂಕ್ ಸಾಕು. ಕಷ್ಟವೆಲ್ಲ ಮೊದಲ ಸಲದ್ದು. 2 ಟಿಬಿ ಡೇಟಾವನ್ನು 20 ಎಂಬಿಪಿಎಸ್ ಲಿಂಕ್‌ನಲ್ಲಿ, ಬೇರೆ ಯಾರೂ ಮುಟ್ಟದಂತೆ, ಬಿಡುವಿಲ್ಲದೆ ಸಾಗಿಸಿದರೂ 8 ಲಕ್ಷ ಸೆಕೆಂಡು ಬೇಕು. ಅಂದರೆ 9 ದಿನ ದಾಟುತ್ತದೆ. ಹಗಲಿನ 12 ಗಂಟೆ ಅರ್ಧ ಬ್ಯಾಂಡ್‌ವಿಡ್ತ್ ಕಚೇರಿಯವರಿಗೆ ಬಿಟ್ಟುಕೊಟ್ಟರೆ 12 ದಿನವೂ ಸಾಲದು.

ಎರಡೂ ಕಡೆಯ ಫೋಲ್ಡರನ್ನು ಹೀಗೆ ಸರಿಸಮವಾಗಿ ಇಡುವ ಕೆಲಸಕ್ಕೆ ರೆಪ್ಲಿಕೇಶನ್ ಎಂದು ಹೆಸರು. ಮೊದಲ ಹೊರೆಯನ್ನು ಆ ರೆಪ್ಲಿಕೇಶನ್ ಸೇವೆಯ ತಲೆಗೆ ಕಟ್ಟದೆ, ಡಿಸ್ಕಿನಲ್ಲೋ ಬ್ಯಾಕಪ್‌ನಲ್ಲೋ ಬೇರೆ ದಾರಿಯಿಂದ ದೂರದ ಸರ್ವರಿಗೆ ಮುಟ್ಟಿಸಿ, ಆಮೇಲೆ ರೆಪ್ಲಿಕೇಶನ್ ಚಾಲೂ ಮಾಡುವುದಕ್ಕೆ ಪ್ರೀಸೀಡಿಂಗ್ ಎನ್ನುತ್ತಾರೆ. ಬಾಯಿಮಾತಿನಲ್ಲಿ ಬರೀ ಸೀಡಿಂಗ್. ಕನ್ನಡದಲ್ಲಿ ಮುಂಬಿತ್ತನೆ ಎನ್ನಬಹುದು, ಆದರೆ ಕೆಲಸದ ಸ್ವರೂಪಕ್ಕೆ ನಾಟಿ ಎನ್ನುವುದೇ ಚೆನ್ನಾಗಿ ಕೂರುತ್ತದೆ: ಇಲ್ಲಿ ತರುವುದು ಬೀಜವನ್ನಲ್ಲ, ಬೆಳೆದ ಸಸಿಯನ್ನು.

ಇದು ಬರೀ ಕಾಪಿ ತಾನೆ ಎಂದುಕೊಂಡವರೇ ಹೆಚ್ಚಾಗಿ ಎಡವುವುದು. ಎರಡು ಕಡೆಯ ಫೈಲು ನಮ್ಮ ಕಣ್ಣಿಗೆ ಒಂದೇ ಥರ ಕಂಡರೆ ಸಾಲದು, ರೆಪ್ಲಿಕೇಶನ್ ಸೇವೆಯ ಲೆಕ್ಕದಲ್ಲೂ ಒಂದೇ ಆಗಿರಬೇಕು. ವಿಂಡೋಸ್ ಸರ್ವರ್ 2003 ಆರ್2 ಜೊತೆ ಬಂದ ಡಿಎಫ್‌ಎಸ್ ರೆಪ್ಲಿಕೇಶನ್, ಅಂದರೆ ಡಿಎಫ್‌ಎಸ್‌ಆರ್, ಪ್ರತಿ ಫೈಲಿಗೂ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತುಸಂಖ್ಯೆ, ಲೆಕ್ಕ ಹಾಕುತ್ತದೆ. ಆ ಲೆಕ್ಕದೊಳಗೆ ಫೈಲಿನ ಡೇಟಾ, ಅದರ ಬೆನ್ನಿಗಿರುವ ಪರ್ಯಾಯ ಸ್ಟ್ರೀಮ್‌ಗಳು (ಫೈಲಿಗೆ ಅಂಟಿಕೊಂಡ ಕಾಣದ ಹೆಚ್ಚುವರಿ ಮಾಹಿತಿ) ಮತ್ತು ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಪರ್ಮಿಶನ್ ಪಟ್ಟಿ (ಎಸಿಎಲ್) ಮೂರೂ ಸೇರಿವೆ. ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರಿಗೆ ಕೊಡುವ ಶೇರ್ ಪರ್ಮಿಶನ್ ಸೇರಿಲ್ಲ. ಎರಡೂ ಕಡೆಯ ಹ್ಯಾಶ್ ತಾಳೆಯಾದರೆ ಆ ಫೈಲಿನ ವಿವರವಷ್ಟೇ ಲಿಂಕ್ ಮೇಲೆ ಹೋಗುತ್ತದೆ, ಫೈಲು ಹೋಗುವುದಿಲ್ಲ.

ತಾಳೆಯಾಗದಿದ್ದರೆ? 300 ಎಂಬಿಯ ಒಂದು ಡ್ರಾಯಿಂಗ್ ಫೈಲನ್ನು ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಯುಎಸ್‌ಬಿ ಡಿಸ್ಕಿಗೆ, ಅಲ್ಲಿಂದ ದೂರದ ಸರ್ವರಿಗೆ ಹಾಕಿದ್ದೀರಿ. ಒಳಗಿನ ಬೈಟುಗಳಲ್ಲಿ ಒಂದೂ ಹೆಚ್ಚುಕಮ್ಮಿ ಇಲ್ಲ. ಆದರೆ ಹೊಸ ಜಾಗದಲ್ಲಿ ಅದು ಮೇಲಿನ ಫೋಲ್ಡರಿನ ಪರ್ಮಿಶನ್ನನ್ನು ಹೊದ್ದುಕೊಂಡು ಕೂತಿದೆ, ಹಾಗಾಗಿ ಹ್ಯಾಶ್ ಬೇರೆ. ಡಿಎಫ್‌ಎಸ್‌ಆರ್ ಈ ಪ್ರತಿಯನ್ನು ‘ಕಾನ್‌ಫ್ಲಿಕ್ಟ್ ಅಂಡ್ ಡಿಲೀಟೆಡ್’ ಫೋಲ್ಡರಿಗೆ ಸರಿಸಿ, ಮೂಲದಿಂದ ಹೊಸದಾಗಿ ತರಿಸಲು ಹೊರಡುತ್ತದೆ. ಪುಣ್ಯಕ್ಕೆ ಆರ್‌ಡಿಸಿ (ರಿಮೋಟ್ ಡಿಫರೆನ್ಷಿಯಲ್ ಕಂಪ್ರೆಶನ್) ಎಂಬ ತಂತ್ರವಿದೆ. ಅದು ಫೈಲನ್ನು ತುಣುಕುಗಳಾಗಿ ಹೋಲಿಸಿ, ಬದಲಾದದ್ದನ್ನು ಮಾತ್ರ ತರಿಸುವುದರಿಂದ 300 ಎಂಬಿಯೂ ಮತ್ತೆ ಬರಬೇಕಿಲ್ಲ. ಆದರೂ ಮೂಲ ಸರ್ವರ್ ಫೈಲನ್ನು ಸ್ಟೇಜಿಂಗ್ ಫೋಲ್ಡರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕುಗ್ಗಿಸಿಡಬೇಕು, ಎರಡೂ ಕಡೆ ತುಣುಕುಗಳ ಗುರುತು ಲೆಕ್ಕ ಹಾಕಬೇಕು, ಈ ಕಡೆ ಮತ್ತೆ ಜೋಡಿಸಬೇಕು. 64 ಕೆಬಿಗಿಂತ ಚಿಕ್ಕ ಫೈಲುಗಳಿಗೆ ಡೀಫಾಲ್ಟ್ ಆಗಿ ಆರ್‌ಡಿಸಿಯೂ ಇಲ್ಲ, ಅವು ಇಡಿಯಾಗಿಯೇ ಬರುತ್ತವೆ. ಒಂದೆರಡು ಫೈಲಿಗಾದರೆ ಚಿಂತೆಯಿಲ್ಲ. 10 ಲಕ್ಷ ಫೈಲಿಗೆ ಹೀಗಾದರೆ ಸೀಡಿಂಗ್‌ಗೆ ಪಟ್ಟ ಪಾಡೆಲ್ಲ ನೀರುಪಾಲು.

ಅದಕ್ಕೇ ಈ ಕೆಲಸಕ್ಕೆ ವಿಂಡೋಸ್‌ನ ಕಾಪಿ ಆಜ್ಞೆಯಾದ ರೋಬೋಕಾಪಿ. ಮೈಕ್ರೋಸಾಫ್ಟ್ ಹೇಳುವ ಸ್ವಿಚ್‌ಗಳು ಇವು: /ಇ /ಬಿ /ಕಾಪಿಆಲ್ /ಆರ್:6 /ಡಬ್ಲ್ಯೂ:5 /ಎಂಟಿ:64 /ಎಕ್ಸ್‌ಡಿ ಡಿಎಫ್‌ಎಸ್‌ಆರ್‌ಪ್ರೈವೇಟ್ /ಟೀ /ವಿ, ಜೊತೆಗೆ ಒಂದು /ಲಾಗ್. ಇವುಗಳಲ್ಲಿ ಪ್ರಾಣ ಇರುವುದು ಕಾಪಿಆಲ್‌ನಲ್ಲಿ: ಡೇಟಾ, ಟೈಮ್‌ಸ್ಟ್ಯಾಂಪ್, ಪರ್ಮಿಶನ್, ಮಾಲೀಕ, ಆಡಿಟ್ ಮಾಹಿತಿ ಎಲ್ಲವನ್ನೂ ಅದು ಒಯ್ಯುತ್ತದೆ. ಬಿ ಎಂದರೆ ಬ್ಯಾಕಪ್ ಮೋಡ್. ನಿಮಗೆ ಓದುವ ಪರ್ಮಿಶನ್ ಇಲ್ಲದ ಫೈಲುಗಳನ್ನೂ ಎತ್ತಿಕೊಳ್ಳುತ್ತದೆ, ಆದರೆ ಯಾರೋ ತೆರೆದು ಬೀಗ ಹಾಕಿಕೊಂಡ ಫೈಲಿನ ಮುಂದೆ ಅದರ ಆಟ ನಡೆಯದು. ಆರ್ ಮತ್ತು ಡಬ್ಲ್ಯೂ ಬಿಟ್ಟರೆ ಏನಾಗುತ್ತದೆ ನೋಡಿ: ರೋಬೋಕಾಪಿಯ ಡೀಫಾಲ್ಟ್ 10 ಲಕ್ಷ ಮರುಯತ್ನ, ಪ್ರತಿ ಯತ್ನದ ನಡುವೆ 30 ಸೆಕೆಂಡ್ ಕಾಯುವಿಕೆ. ಬೀಗ ಬಿದ್ದ ಒಂದೇ ಒಂದು ಫೈಲು ಕೆಲಸವನ್ನು ಹೆಚ್ಚುಕಡಿಮೆ ಒಂದು ವರ್ಷ ಹಿಡಿದಿಡಬಲ್ಲದು! ಎಂಟಿ ಅಂದರೆ ಏಕಕಾಲದ ಥ್ರೆಡ್‌ಗಳ ಸಂಖ್ಯೆ. ಗುರಿ ತಿರುಗುವ ಯುಎಸ್‌ಬಿ ಡಿಸ್ಕ್ ಆಗಿದ್ದರೆ 64 ಹಾಕಿ ಅದರ ತಲೆಯನ್ನು ಅತ್ತಿತ್ತ ಓಡಾಡಿಸುವುದಕ್ಕಿಂತ 8ಕ್ಕೆ ಇಳಿಸುವುದು ವಾಸಿ.

ಎಂಐಆರ್ ಮತ್ತು ಎಂಓವಿ ಸ್ವಿಚ್‌ಗಳ ಹತ್ತಿರವೂ ಸುಳಿಯಬೇಡಿ. ಮೊದಲನೆಯದು ಗುರಿಯಲ್ಲಿ ಹೆಚ್ಚುವರಿ ಇದ್ದದ್ದನ್ನು ಅಳಿಸುತ್ತದೆ, ಎರಡನೆಯದು ಮೂಲವನ್ನೇ ಅಳಿಸುತ್ತದೆ.

ಡಿಸ್ಕಿನಲ್ಲಿ ಒಯ್ಯುವುದಾದರೆ ಅದು ಎನ್‌ಟಿಎಫ್‌ಎಸ್ ಆಗಿಯೇ ಇರಲಿ. ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಪರ್ಮಿಶನ್‌ಗೆ ಜಾಗವೇ ಇಲ್ಲ, ಹೊರಡುವಾಗಲೇ ಉದುರಿಹೋಗುತ್ತದೆ. ಡಿಸ್ಕಿಗೆ ಹಾಕುವಾಗಲೂ ಡಿಸ್ಕಿನಿಂದ ಇಳಿಸುವಾಗಲೂ ಅವೇ ಸ್ವಿಚ್‌ಗಳನ್ನು ಬಳಸಬೇಕು, ಒಂದು ಕಡೆ ತಪ್ಪಿದರೂ ಎರಡೂ ವ್ಯರ್ಥ. ದಾರಿಯಲ್ಲಿ ಡಿಸ್ಕ್ ಕಳೆದುಹೋಗಬಹುದಾದ್ದರಿಂದ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಗೂಢಲಿಪಿ ಸೌಲಭ್ಯ) ಹಾಕದೆ ಕಳಿಸಬಾರದು. ಪರ್ಮಿಶನ್ ಉಳಿಸಿಕೊಳ್ಳುವ ಬ್ಯಾಕಪ್ ಇದ್ದರೆ ಅದನ್ನೇ ಅಲ್ಲಿ ರಿಸ್ಟೋರ್ ಮಾಡಬಹುದು. ಕಾಪಿ ನಡೆಯುವಾಗ ಬಳಕೆದಾರರನ್ನು ಶೇರ್‌ನಿಂದ ಹೊರಗಿಟ್ಟರೆ ಬೀಗದ ಕಾಟ ತಪ್ಪುತ್ತದೆ. ಕಾಪಿಯಾದ ಮೇಲೆ ಮೂಲದಲ್ಲಿ ಬದಲಾದ ಫೈಲುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಅವನ್ನು ರೆಪ್ಲಿಕೇಶನ್ನೇ ನೋಡಿಕೊಳ್ಳುತ್ತದೆ. ಆದರೆ ದೂರದ ಸರ್ವರ್‌ನಲ್ಲಿರುವ ಪ್ರತಿಯನ್ನು ಯಾರೂ ತಿದ್ದಕೂಡದು.

ರೆಪ್ಲಿಕೇಶನ್ ಚಾಲೂ ಮಾಡುವ ಮುಂಚೆ ಹ್ಯಾಶ್ ಹೋಲಿಸಿ ನೋಡುವ ಐದು ನಿಮಿಷ ಬಹಳ ಬೆಲೆಬಾಳುತ್ತದೆ. ಪವರ್‌ಶೆಲ್‌ನ ಗೆಟ್-ಡಿಎಫ್‌ಎಸ್‌ಆರ್‌ಫೈಲ್‌ಹ್ಯಾಶ್ ಆಜ್ಞೆಯನ್ನು ಎರಡೂ ಸರ್ವರ್‌ನ ಅದೇ ಫೈಲಿನ ಮೇಲೆ ಓಡಿಸಬೇಕು. ಮೇಲ್ಮಟ್ಟದ ಒಂದೆರಡು ಫೈಲು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ನಾಲ್ಕೈದು ಹಂತ ಒಳಗಿನದು, ಪ್ರತ್ಯೇಕ ಪರ್ಮಿಶನ್ ಕೊಟ್ಟ ಫೋಲ್ಡರಿನದು, ಇಂಟರ್ನೆಟ್‌ನಿಂದ ಇಳಿಸಿದ್ದು (ಇದರ ಬೆನ್ನಿಗೆ ಪರ್ಯಾಯ ಸ್ಟ್ರೀಮ್ ಇರುತ್ತದೆ), ಹೀಗೆ ಆರಿಸಿ ನೋಡಬೇಕು.

ಇನ್ನು ಪ್ರೈಮರಿ ಮೆಂಬರ್, ಅಂದರೆ ಯಾರ ಪ್ರತಿ ಮೂಲವೆಂದು ನೀವು ಆರಿಸುವ ಸರ್ವರ್. ಮೊದಲ ಸಿಂಕ್‌ನಲ್ಲಿ ಪ್ರೈಮರಿಯ ಮಾತೇ ಅಂತಿಮ. ಅದರಲ್ಲಿಲ್ಲದೆ ಇನ್ನೊಂದರಲ್ಲಿ ಮಾತ್ರ ಇರುವ ಫೈಲು ಡಿಎಫ್‌ಎಸ್‌ಆರ್‌ಪ್ರೈವೇಟ್ (ಡಿಎಫ್‌ಎಸ್‌ಆರ್ ತನಗಾಗಿ ಇಟ್ಟುಕೊಳ್ಳುವ ಫೋಲ್ಡರ್) ಒಳಗಿನ ‘ಪ್ರೀಎಕ್ಸಿಸ್ಟಿಂಗ್’ ಫೋಲ್ಡರ್ ಸೇರುತ್ತದೆ. ಹಳೆಯ ಪ್ರತಿ ಇರುವ ಸರ್ವರನ್ನು ಪ್ರೈಮರಿ ಎಂದು ಆರಿಸಿಬಿಟ್ಟರೆ ಹಳೆಯದೇ ಗೆಲ್ಲುತ್ತದೆ. ಇಡೀ ಪ್ರಕ್ರಿಯೆಯಲ್ಲಿ ನಿಜಕ್ಕೂ ಡೇಟಾಗೆ ಅಪಾಯ ತರುವ ಒಂದು ಕ್ಲಿಕ್ ಇದ್ದರೆ ಅದು ಇದೇ.

ಸ್ಟೇಜಿಂಗ್ ಫೋಲ್ಡರಿಗೆ ಗೊತ್ತುಮಾಡಿದ ಜಾಗದ ಮಿತಿ, ಅಂದರೆ ಸ್ಟೇಜಿಂಗ್ ಕೋಟಾ, ಡೀಫಾಲ್ಟ್ ಆಗಿ 4,096 ಎಂಬಿ. ಫೋಲ್ಡರಿನ ಅತಿ ದೊಡ್ಡ 32 ಫೈಲುಗಳ ಗಾತ್ರ ಕೂಡಿದಷ್ಟಾದರೂ ಇರಬೇಕು ಎಂಬುದು ಮೈಕ್ರೋಸಾಫ್ಟ್‌ನ ಸಲಹೆ. ಕಡಿಮೆಯಾದರೆ ಸೇವೆ ಸ್ಟೇಜ್ ಮಾಡಿದ್ದನ್ನು ಅಳಿಸಿ ಮತ್ತೆ ಸ್ಟೇಜ್ ಮಾಡುತ್ತಾ ಕೂರುತ್ತದೆ. ಈವೆಂಟ್ ಲಾಗ್‌ನಲ್ಲಿ 4202 ಮತ್ತೆ ಮತ್ತೆ ಕಂಡರೆ ಕಾರಣ ಇದು. ದೂರದ ಸರ್ವರ್‌ನಲ್ಲಿ 4102 ಬಂದರೆ ಮೊದಲ ಸಿಂಕ್ ಶುರುವಾಗಿದೆ, 4104 ಬಂದರೆ ಮುಗಿದಿದೆ. ನಡುವೆ 4412 ಸಾಲುಸಾಲಾಗಿ ಬೀಳತೊಡಗಿದರೆ ಹ್ಯಾಶ್ ತಾಳೆಯಾಗುತ್ತಿಲ್ಲ ಎಂದರ್ಥ. ಹೆಚ್ಚಾಗಿ ಪರ್ಮಿಶನ್ ಕೈಕೊಟ್ಟಿರುತ್ತದೆ.

ಎಲ್ಲ ಸರಿಯಾಗಿ ಸೀಡ್ ಮಾಡಿದರೂ ಮೊದಲ ಸಿಂಕ್ ಕಣ್ಣುಮುಚ್ಚಿ ಬಿಡುವುದರೊಳಗೆ ಮುಗಿಯುವುದಿಲ್ಲ. ಉಳಿತಾಯವಾದದ್ದು ಡೇಟಾ ಸಾಗಿಸುವ ಹೊತ್ತು ಮಾತ್ರ. ಪ್ರತಿ ಫೈಲನ್ನೂ ಓದಿ, ಹ್ಯಾಶ್ ಮಾಡಿ, ಆಚೆಯದರ ಜೊತೆ ಹೋಲಿಸಿ, ಡೇಟಾಬೇಸ್‌ನಲ್ಲಿ ಬರೆದುಕೊಳ್ಳುವ ಹೊತ್ತು ಹಾಗೇ ಇದೆ. ಈ ಹೊತ್ತನ್ನೂ ಕತ್ತರಿಸಲೆಂದೇ ವಿಂಡೋಸ್ ಸರ್ವರ್ 2012 ಆರ್2ನಲ್ಲಿ ಡೇಟಾಬೇಸ್ ಕ್ಲೋನಿಂಗ್ ಬಂತು. ಫೈಲುಗಳ ಜೊತೆ ಮೂಲ ಸರ್ವರ್‌ನ ಡಿಎಫ್‌ಎಸ್‌ಆರ್ ಡೇಟಾಬೇಸನ್ನೂ ಎಕ್ಸ್‌ಪೋರ್ಟ್-ಡಿಎಫ್‌ಎಸ್‌ಆರ್‌ಕ್ಲೋನ್‌ನಿಂದ ತೆಗೆದು, ಅಲ್ಲಿ ಇಂಪೋರ್ಟ್-ಡಿಎಫ್‌ಎಸ್‌ಆರ್‌ಕ್ಲೋನ್‌ನಿಂದ ಹಾಕುವುದು. ಇಲ್ಲಿ ಕ್ರಮ ತಪ್ಪುವಂತಿಲ್ಲ. ಮೊದಲು ರೆಪ್ಲಿಕೇಶನ್ ಗುಂಪಿನಲ್ಲಿ ಮೂಲ ಸರ್ವರ್ ಒಂಟಿಯಾಗಿದ್ದು ತನ್ನ ಡೇಟಾಬೇಸ್ ಕಟ್ಟಿ ಮುಗಿಸಬೇಕು (ಈವೆಂಟ್ 4112). ಆಮೇಲೆ ಎಕ್ಸ್‌ಪೋರ್ಟ್ (2402 ಬರುವ ತನಕ ಕಾಯಬೇಕು), ಅದಾದ ಮೇಲೆ ರೋಬೋಕಾಪಿ, ನಂತರ ಇಂಪೋರ್ಟ್ (2404), ಕೊನೆಗೆ ದೂರದ ಸರ್ವರನ್ನು ಗುಂಪಿಗೆ ಸೇರಿಸುವುದು. ಗುರಿಯ ವಾಲ್ಯೂಮ್‌ನಲ್ಲಿ ಮೊದಲೇ ಬೇರೆ ರೆಪ್ಲಿಕೇಶನ್ ಫೋಲ್ಡರ್ ಇದ್ದರೆ ಇಂಪೋರ್ಟ್ ಆಗದು, ಏಕೆಂದರೆ ಡೇಟಾಬೇಸ್ ಇರುವುದು ವಾಲ್ಯೂಮ್‌ಗೆ ಒಂದು. ಪರಿಶೀಲನೆಗೆ ನನ್, ಬೇಸಿಕ್, ಫುಲ್ ಎಂಬ ಮೂರು ಮಟ್ಟಗಳಿವೆ. ಬೇಸಿಕ್‌ನಲ್ಲೇ ಇದ್ದುಬಿಡಿ.

ವಿಂಡೋಸ್‌ನಾಚೆಯೂ ಇದೇ ಕಥೆ, ಗುರುತು ಹಿಡಿಯುವ ಬಗೆ ಮಾತ್ರ ಬೇರೆ. ಲಿನಕ್ಸ್ ಕಡೆಯ ಕಾಪಿ ಸಾಧನ ಆರ್‌ಸಿಂಕ್ ಡೀಫಾಲ್ಟ್ ಆಗಿ ಗಾತ್ರ ಮತ್ತು ಮಾರ್ಪಾಟಿನ ಸಮಯ ನೋಡುತ್ತದೆ. ಸಮಯ ಉಳಿಸದೆ ಕಾಪಿ ಮಾಡಿದ್ದರೆ ಪ್ರತಿ ಫೈಲನ್ನೂ ಎರಡೂ ಕಡೆ ಓದಿ ಹೋಲಿಸಲು ಕೂರುತ್ತದೆ. ಫ್ಯಾಟ್ ಡಿಸ್ಕ್ ಸಮಯವನ್ನು 2 ಸೆಕೆಂಡಿನ ಹೆಜ್ಜೆಯಲ್ಲಿ ಬರೆಯುವುದರಿಂದ ಅಲ್ಲಿಗೆ ಮಾಡಿಫೈ-ವಿಂಡೋ=1 ಎಂದು ಕೊಡಬೇಕಾಗುತ್ತದೆ. ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಪೂರ್ತಿ ಸ್ನ್ಯಾಪ್‌ಶಾಟನ್ನು (ಆ ಕ್ಷಣದ ಡೇಟಾದ ಸ್ಥಿರ ಪ್ರತಿಯನ್ನು) ಸೆಂಡ್ ಮಾಡಿ ಡಿಸ್ಕಿನಲ್ಲಿ ಕಳಿಸಿ, ಅಲ್ಲಿ ರಿಸೀವ್ ಮಾಡಿದ ಮೇಲೆ ವ್ಯತ್ಯಾಸವನ್ನಷ್ಟೇ ಲಿಂಕ್‌ನಲ್ಲಿ ಕಳಿಸುತ್ತಾರೆ. ಡಿಸ್ಕ್ ದಾರಿಯಲ್ಲಿರುವಾಗ ಆ ಮೊದಲ ಸ್ನ್ಯಾಪ್‌ಶಾಟನ್ನು ಮೂಲ ಸರ್ವರ್‌ನ ಆಟೊಮ್ಯಾಟಿಕ್ ಸ್ಕ್ರಿಪ್ಟ್ ಹಳೆಯದೆಂದು ಅಳಿಸಿಬಿಟ್ಟರೆ ವ್ಯತ್ಯಾಸ ಲೆಕ್ಕ ಹಾಕಲು ಬುಡವೇ ಇರುವುದಿಲ್ಲ, ಮತ್ತೆ ಮೊದಲಿಂದ. ಡಿಸ್ಕ್ ಹೊರಡುವ ದಿನವೇ ಆ ಸ್ನ್ಯಾಪ್‌ಶಾಟ್ ಮೇಲೆ ಒಂದು ಹೋಲ್ಡ್ (ಅಳಿಸದಂತೆ ತಡೆ) ಹಾಕಿಡಿ.