7,400ಕ್ಕೆ ಹತ್ತುವ ದೀಪ

ಕಲಬುರಗಿಯ ರಿಂಗ್ ರೋಡ್ ದಾಟಿ ಹುಮನಾಬಾದ್ ಕಡೆ ಹೊರಟರೆ ಊರಿನ ಗದ್ದಲ ಹಿಂದೆ ಉಳಿಯುತ್ತದೆ. ಅಕ್ಕನ ಮಗ ತನ್ನ ಯಮಹಾ ಆರ್15 ಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದ. ನೆಪ ಕಮಲಾಪುರದ ಕೆಂಪು ಬಾಳೆಹಣ್ಣು. ಅಸಲಿ ವಿಷಯ ಮೀಟರಿನೊಳಗಿನ ಒಂದು ಸಣ್ಣ ಗುರುತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದ. ಇಂಜಿನ್ ನಿಮಿಷಕ್ಕೆ 7,400 ಸುತ್ತು ಮುಟ್ಟಿದ್ದೇ ತಡ, ‘ವಿವಿಎ’ ಅನ್ನುವ ಅಕ್ಷರ ಹೊತ್ತಿಕೊಂಡಿತು. ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ವಾಲ್ವು, ತೆರೆಯುವ ರೀತಿಯನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಏರ್ಪಾಡಿನ ಹೆಸರು ಅದು.

“ಮಾಮಾ, ಹಿಂದಿಂದ ಯಾರೋ ನೂಕಿದಂಗ ಆಯ್ತಲ್ರಿ?”

ನನಗೆ ಹಾಗೇನೂ ಅನ್ನಿಸಲಿಲ್ಲ. ಇಂಜಿನ್ನಿನ ದನಿ ಮಾತ್ರ ಬದಲಾಯಿತು. ಬಾಳೆಹಣ್ಣು ಸುಲಿಯುತ್ತಾ ಅವನು ಮತ್ತೊಂದು ಪ್ರಶ್ನೆ ತೆಗೆದ. “ಅದನ್ನ 5,000ಕ್ಕೇ ಯಾಕ ಹಚ್ಚಂಗಿಲ್ರಿ? ಪವರ್ ಬೇಗ ಸಿಗ್ತಿತ್ತಲ್ಲ?”

ಒಳ್ಳೆಯ ಪ್ರಶ್ನೆ. ಸಿಗುತ್ತಿರಲಿಲ್ಲ. ಇದ್ದದ್ದೂ ಹೋಗುತ್ತಿತ್ತು.

ಆ ಇಂಜಿನ್ನಿನ ಕ್ಯಾಮ್ ಶಾಫ್ಟನ್ನು ನಾನು ಗಂಜ್ ಹತ್ತಿರದ ಒಂದು ಗ್ಯಾರೇಜಿನಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಗೇಣುದ್ದವೂ ಇಲ್ಲದ ಉಕ್ಕಿನ ತುಂಡು. ತಿರುಗುತ್ತಾ ವಾಲ್ವುಗಳನ್ನು ತೆರೆದು ಮುಚ್ಚಿಸುವುದು ಅದರ ಕೆಲಸ. ಗಾಳಿ ಒಳಗೆ ಬಿಡುವ ವಾಲ್ವುಗಳಿಗೆಂದೇ ಅದರ ಮೇಲೆ ಎರಡು ಉಬ್ಬುಗಳಿವೆ. ಒಂದು ಗಿಡ್ಡ. ಪಕ್ಕದ್ದು ತುಸು ಎತ್ತರ, ಹೊಟ್ಟೆಯೂ ಅಗಲ. ಬೆರಳು ಸವರಿದರೆ ವ್ಯತ್ಯಾಸ ತಿಳಿಯುತ್ತದೆ, ಅಷ್ಟೇ. ಗಿಡ್ಡ ಉಬ್ಬು ವಾಲ್ವನ್ನು ಸ್ವಲ್ಪ ತೆರೆದು ಬೇಗ ಮುಚ್ಚಿಸುತ್ತದೆ. ಎತ್ತರದ್ದು ಜಾಸ್ತಿ ತೆರೆದು ತಡವಾಗಿ ಮುಚ್ಚಿಸುತ್ತದೆ. ಸಾಮಾನ್ಯವಾಗಿ ಗಿಡ್ಡದ್ದೇ ಕೆಲಸ ಮಾಡುತ್ತಿರುತ್ತದೆ. 7,400ಕ್ಕೆ ಒಂದು ಸಣ್ಣ ಪಿನ್ನು ಸರಿದು ಉಬ್ಬಿನ ನೂಕನ್ನು ವಾಲ್ವಿಗೆ ಮುಟ್ಟಿಸುವ ಎರಡು ರಾಕರ್ ತೋಳುಗಳನ್ನು ಜೋಡಿಸುತ್ತದೆ. ಆಗಿನಿಂದ ಎತ್ತರದ್ದರ ಮಾತೇ ನಡೆಯುತ್ತದೆ.

ಎರಡು ಉಬ್ಬು ಯಾಕೆ? ಗಾಳಿಗೂ ತೂಕವಿದೆ, ಅದಕ್ಕೆ. ಹರಿಯಲು ಶುರುವಾದ ಗಾಳಿ ಥಟ್ಟನೆ ನಿಲ್ಲುವುದಿಲ್ಲ. ಸಂಜೆ ಕುರಿ ಹಿಂಡು ದೊಡ್ಡಿಗೆ ನುಗ್ಗುವುದನ್ನು ನೋಡಿದವರಿಗೆ ಇದು ಸಲೀಸಾಗಿ ತಿಳಿಯುತ್ತದೆ. ಹಿಂಡು ಓಡಿ ಬರುತ್ತಿದ್ದರೆ, ದೊಡ್ಡಿ ತುಂಬಿದಂತೆ ಕಂಡರೂ ಬಾಗಿಲು ಇನ್ನಷ್ಟು ಹೊತ್ತು ತೆರೆದಿಡಬೇಕು. ಹಿಂದಿನವು ನೂಕಿದ ರಭಸಕ್ಕೆ ಇನ್ನೂ ನಾಲ್ಕಾರು ಒಳಗೆ ಬೀಳುತ್ತವೆ. ಮೆಲ್ಲಗೆ ಬರುವ ಹಿಂಡಿಗೆ ಅಷ್ಟೇ ಹೊತ್ತು ತೆರೆದಿಟ್ಟರೆ ಒಳಗೆ ಹೋದವೇ ತಿರುಗಿ ಹೊರಗೆ ಬರುತ್ತವೆ.

ಸಿಲಿಂಡರಿನಲ್ಲೂ ಇದೇ ಕತೆ. ಪಿಸ್ಟನ್ ಕೆಳಗಿಳಿದು ಗಾಳಿ ಎಳೆಯುತ್ತದೆ, ಆಮೇಲೆ ಮೇಲೇರುತ್ತದೆ. ಜೋರಿನ ಓಟದಲ್ಲಿ, ಅದು ಏರಲು ಶುರು ಮಾಡಿದ ಮೇಲೂ ಗಾಳಿ ನುಗ್ಗುತ್ತಲೇ ಇರುತ್ತದೆ. ನಿಧಾನದಲ್ಲಿ ಆ ಗಾಳಿಯನ್ನು ಪಿಸ್ಟನ್ನೇ ಹೊರಗೆ ದಬ್ಬುತ್ತದೆ. ಸಮಯ ಎಷ್ಟು ಕಡಿಮೆ ನೋಡಿ. 7,400 ಸುತ್ತಿನಲ್ಲಿ ವಾಲ್ವು ಸೆಕೆಂಡಿಗೆ ಸುಮಾರು 62 ಸಲ ತೆರೆಯುತ್ತದೆ. ಪ್ರತಿ ಸಲ ತೆರೆದಿರುವುದು ಹೆಚ್ಚುಕಡಿಮೆ ಸೆಕೆಂಡಿನ 200ನೇ ಒಂದು ಪಾಲು. ಅದೇ ಉಬ್ಬು 2,000 ಸುತ್ತಿನಲ್ಲಿ ಅದರ ಮೂರೂವರೆ ಪಟ್ಟಿಗಿಂತ ಜಾಸ್ತಿ ಹೊತ್ತು ತೆರೆದಿಡುತ್ತದೆ.

ಇನ್ನು ಆ ಅಂಕಿಯ ವಿಷಯ. ತಯಾರಕರು ಇಂಜಿನ್ನನ್ನು ಮೊದಲು ಗಿಡ್ಡ ಉಬ್ಬಿನಲ್ಲೇ ಕೊನೆತನಕ ಓಡಿಸಿ ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆಯುತ್ತಾರೆ. ಆಮೇಲೆ ಎತ್ತರದ್ದರಲ್ಲೇ ಓಡಿಸಿ ಅಳೆಯುತ್ತಾರೆ. ಎರಡೂ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದರೆ, ಮೊದಲನೆಯದು ಬೇಗ ಏರಿ ಬೇಗ ಇಳಿಯುತ್ತದೆ. ಎರಡನೆಯದು ಕೆಳಗೆ ಸೋತು ಮೇಲೆ ಗೆಲ್ಲುತ್ತದೆ. ಎಲ್ಲೋ ಒಂದು ಕಡೆ ಎರಡೂ ಕತ್ತರಿ ಹಾಕುತ್ತವೆ. ಬದಲಾಯಿಸುವ ಜಾಗ ಅದೇ. ಅದಕ್ಕಿಂತ ಮೊದಲು ಬದಲಾಯಿಸಿದರೆ ಬಲ ಕುಸಿಯುತ್ತದೆ. ನಮ್ಮ ಹುಡುಗ ಕೇಳಿದ 5,000ದಲ್ಲಿ ಆಗುತ್ತಿದ್ದದ್ದು ಇದೇ. ತಡವಾಗಿ ಬದಲಾಯಿಸಿದರೆ, ಸೊರಗುತ್ತಿದ್ದ ಬಲ ಒಮ್ಮೆಗೇ ಮೇಲೆ ಹಾರುತ್ತದೆ.

ಜನ ಮೆಚ್ಚಿ ಮಾತಾಡುವ ಆ ‘ಒದೆತ’ ಇದೇ ಅಲ್ವಾ? ನನ್ನ ಲೆಕ್ಕದಲ್ಲಿ ಅದು ಹೊಗಳುವ ವಿಷಯವೇ ಅಲ್ಲ. ಬೆನ್ನಿಗೆ ಒದೆತ ಬಿತ್ತು ಅಂದರೆ, ಅದಕ್ಕೆ ಸ್ವಲ್ಪ ಮುಂಚೆ ನಮಗೆ ಬರಬೇಕಾದ ಬಲ ಬಂದಿರಲಿಲ್ಲ ಅಂತ ಅರ್ಥ. ಸರಿಯಾದ ಜಾಗದಲ್ಲಿ ಬದಲಾದರೆ ದನಿ ಬಿಟ್ಟು ಬೇರೇನೂ ಗೊತ್ತಾಗಬಾರದು.

ಆದರೂ ಎಷ್ಟೋ ಕಾರುಗಳಲ್ಲಿ ಕತ್ತರಿ ಬೀಳುವ ಜಾಗಕ್ಕಿಂತ ತುಸು ಮೇಲೆಯೇ ಬದಲಾವಣೆ ಇಟ್ಟಿರುತ್ತಾರೆ. ಎತ್ತರದ ಉಬ್ಬಿಗೆ ಸದ್ದು ಜಾಸ್ತಿ, ಪೆಟ್ರೋಲೂ ಜಾಸ್ತಿ. ದಿನನಿತ್ಯದ ಓಡಾಟದಲ್ಲಿ ಅದು ಎದ್ದು ಕೂರಬಾರದು. ಸೂಪರ್ ಮಾರ್ಕೆಟ್ ಸುತ್ತಲಿನ ಗದ್ದಲದಲ್ಲಿ ಅದಕ್ಕೇನು ಕೆಲಸ? ಗೇರುಗಳನ್ನೂ ನೋಡಬೇಕು. ಟೊಯೋಟಾದ 2ಝಡ್‌ಝಡ್ ಇಂಜಿನ್ ಸುಮಾರು 6,200ಕ್ಕೆ ಉಬ್ಬು ಬದಲಿಸುತ್ತಿತ್ತು. ಮೀಟರಿನ ಕೆಂಪು ಗೆರೆಯ, ಅಂದರೆ ಇಂಜಿನ್ ಸುತ್ತಿನ ಮಿತಿಯ, ಹತ್ತಿರ ಹೋಗದೆ ಸುಮ್ನೆ ಮೇಲಿನ ಗೇರ್ ಹಾಕಿದರೆ ಸುತ್ತು 6,200ರ ಕೆಳಗೆ ಬಿದ್ದು ಬಲ ಮಾಯ. ಆರು ಗೇರುಗಳನ್ನು ಒತ್ತೊತ್ತಾಗಿ ಇಟ್ಟರೂ ಈ ದೂರು ತಪ್ಪಲಿಲ್ಲ.

ಇನ್ನೊಂದು ತೊಡಕನ್ನು ಬೇಸಿಗೆಯ ಕಲಬುರಗಿಯಲ್ಲಿದ್ದವರಿಗೆ ವಿವರಿಸಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ವೋಲ್ಟೇಜ್ ಗಡಿಯಲ್ಲಿ ತೂಗಾಡುವಾಗ ಎಸಿಯ ಸ್ಟೆಬಿಲೈಸರ್ ‘ಟಕ್ ಟಕ್’ ಅನ್ನುತ್ತದಲ್ಲ, ಅದೇ ರೋಗ. 7,400ಕ್ಕೆ ಹತ್ತಿ 7,400ಕ್ಕೇ ಆರಿದರೆ, ಅದೇ ವೇಗದಲ್ಲಿ ಹೋಗುವಾಗ ಪಿನ್ನು ಒಳಗೂ ಹೊರಗೂ ಕುಣಿಯುತ್ತದೆ. ಅದಕ್ಕೇ ಇಂಥ ಇಂಜಿನ್ನುಗಳಲ್ಲಿ ಆರುವ ಅಂಕಿಯನ್ನು ಹತ್ತುವ ಅಂಕಿಗಿಂತ ಕೆಳಗೆ ಇಡುತ್ತಾರೆ.

ಆರ್15ರಲ್ಲಿ ಪಿನ್ನನ್ನು ತಳ್ಳುವುದು ವಿದ್ಯುತ್ ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ. ತುಂಬಾ ಕಾರುಗಳಲ್ಲಿ ಆ ಕೆಲಸ ಇಂಜಿನ್ ಆಯಿಲ್ಲಿನ ಒತ್ತಡದ್ದು. ಇಂಜಿನ್ ತಣ್ಣಗಿದ್ದರೆ, ಆಯಿಲ್ ಕಡಿಮೆಯಿದ್ದರೆ ಕಂಪ್ಯೂಟರು ಅಪ್ಪಣೆ ಕೊಡುವುದೇ ಇಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಸೆಕೆಂಡ್ ಹ್ಯಾಂಡ್ ಕಾರು ಒಂದು ಬೇಸಿಗೆಯಲ್ಲಿ ಮೇಲಿನ ಸುತ್ತಿಗೆ ಹೋಗಲು ಹಟ ಹಿಡಿಯಿತು. ಒಂದು ಗ್ಯಾರೇಜಿನವರು ಇಂಜಿನ್ ಬಿಚ್ಚಬೇಕು ಅಂದರು. ಇನ್ನೊಬ್ಬ ಮೇಸ್ತ್ರಿ ಆಯಿಲ್ಲಿಗೆ ದಾರಿ ಬಿಡುವ ಸೊಲೆನಾಯ್ಡ್ ಬಿಚ್ಚಿ, ಉಗುರಿನಷ್ಟು ದೊಡ್ಡ ಜಾಲರಿಯೊಂದನ್ನು ಅಂಗೈ ಮೇಲೆ ಇಟ್ಟ. ತೂತುಗಳೆಲ್ಲ ಕರಿ ಮಡ್ಡಿಯಿಂದ ಮುಚ್ಚಿದ್ದವು. ಆಯಿಲ್ ಬದಲಿಸಲು ಆರು ತಿಂಗಳು ತಡ ಮಾಡಿದವನು ನಾನೇ.

ಬದಲಾವಣೆ ಯಾವಾಗಲೂ ಬಲಕ್ಕಾಗಿಯೇ ಅಂದುಕೊಳ್ಳುವುದೂ ತಪ್ಪು. ಹೋಂಡಾ 1989ರಲ್ಲಿ ಇಂಟೆಗ್ರಾ ಕಾರಿಗೆ ವಿಟೆಕ್ ಅನ್ನುವ, ಉಬ್ಬು ಬದಲಿಸುವ ತನ್ನ ಏರ್ಪಾಡನ್ನು ತಂದಾಗ 1.6 ಲೀಟರಿನಿಂದ 160 ಅಶ್ವಶಕ್ತಿ ತೆಗೆದದ್ದು ನಿಜ. ಆದರೆ 2006ರಲ್ಲಿ ನಮ್ಮಲ್ಲಿ ಬಂದ 1.8 ಲೀಟರಿನ ಸಿವಿಕ್ ಉಲ್ಟಾ ಕೆಲಸ ಮಾಡುತ್ತಿತ್ತು. 1,000ದಿಂದ 3,500 ಸುತ್ತಿನೊಳಗೆ ಹಗುರಾಗಿ ಓಡುವಾಗ ವಾಲ್ವನ್ನು ಬೇಕಂತಲೇ ತಡವಾಗಿ ಮುಚ್ಚಿಸಿ, ಒಳಗೆ ಹೋದ ಗಾಳಿಯಲ್ಲಿ ಸ್ವಲ್ಪವನ್ನು ವಾಪಸ್ ಕಳಿಸುತ್ತಿತ್ತು. ಹೊರಗೆ ಬಂದ ಕುರಿಗಳೇ ಅಲ್ಲಿ ಲಾಭ. ಕಡಿಮೆ ಬಲ ಸಾಕಾದಾಗ ಗಾಳಿ ಬರುವ ದಾರಿಯ ಥ್ರಾಟಲ್ ಬಾಗಿಲು ಮುಚ್ಚಿ ಉಸಿರು ಕಟ್ಟಿಸುವುದಕ್ಕಿಂತ ಹೀಗೆ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ. ಸ್ವಿಫ್ಟ್, ಬಲೆನೊದಂಥ ಕಾರುಗಳಲ್ಲಿ ವಾಲ್ವು ತೆರೆಯುವ ಹೊತ್ತನ್ನಷ್ಟೇ ಬದಲಿಸುವ ವಿವಿಟಿಯಲ್ಲಂತೂ ಇಂಥ ಒಂದು ಅಂಕಿಯೇ ಇಲ್ಲ. ಕ್ಯಾಮ್ ಸದಾ ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ.

ಇಷ್ಟು ಹೇಳಿದರೂ ಹುಡುಗ ಒಪ್ಪಲಿಲ್ಲ. ನೂಕಿದ್ದು ನಿಜ ಅಂದ. ವಾಪಸ್ ಬರುವಾಗ ಒಂದು ಪಂದ್ಯ ಕಟ್ಟಿದೆವು. ಅವನು ರಸ್ತೆ ಮಾತ್ರ ನೋಡಬೇಕು, ಬೆನ್ನಿಗೆ ಗೊತ್ತಾದಾಗ “ಈಗ” ಅನ್ನಬೇಕು. ಅವನ ಹೆಗಲ ಮೇಲಿಂದ ನಾನು ಮೀಟರ್ ನೋಡುತ್ತಿರುತ್ತೇನೆ. ಮೊದಲ ಸಲ ಅವನು ಕೂಗಿದಾಗ ದೀಪ ಇನ್ನೂ ಹತ್ತಿರಲಿಲ್ಲ. ಎರಡನೇ ಸಲ ಹತ್ತಿ ಆಗಲೇ ಹೊತ್ತಾಗಿತ್ತು.